ಉಮಾಕಾಂತನ ಮೂಗು, ಪರಶುರಾಮನ ಕೆನ್ನೆ

ಆ ಊರಿಗೆ ಹೋದ ಮೊದಲ ಬೆಳಿಗ್ಗೆ ನಾನು ಮುಖ ತೊಳೆದು, ಅಂಗೈಗೆ ಒಂದಿಷ್ಟು ಎಣ್ಣೆ ಹಾಕಿಕೊಂಡು ಕೆನ್ನೆಗೆ ಸವರಿಕೊಂಡೆ. ಎಣ್ಣೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗಾಗಿ ಉರುಳಿ, ಗಲ್ಲದ ತುದಿಯಲ್ಲಿ ಕ್ಷಣ ಹೊತ್ತು ನಿಂತು, ರವಿಕೆಯ ಮೇಲೆ ಬಿತ್ತು. ಮತ್ತೆ ಹಾಕಿಕೊಂಡೆ. ಅದೂ ಬಿತ್ತು. ಸಿಟ್ಟು ಬಂದು ಗಸಗಸ ತಿಕ್ಕಿಕೊಂಡೆ. ರವಿಕೆ ಪೂರ್ತಿ ಜಿಡ್ಡಾಯಿತೇ ಹೊರತು ಮುಖ ಒಣಗಿದ್ದು ಒಣಗಿದ ಹಾಗೇ ಇತ್ತು. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ನನ್ನ ಸೋದರತ್ತೆ ತಿರುಮಲಮ್ಮ ಹತ್ತಿರ ಬಂದು, ತಮ್ಮ ಕೈಗೆ ಎಣ್ಣೆ ಹಾಕಿಕೊಂಡು ನನ್ನ ಮುಖಕ್ಕೆ ಹಚ್ಚಿದರು. ಅದು ಸದ್ದಿಲ್ಲದೆ ಒಳಗಿಳಿದುಹೋಯಿತು.

“ಇಲ್ಲಿ ಅವರವರ ಕೈ ಅವರವರ ಮುಖಕ್ಕೆ ಆಗಿಬರಲ್ಲ ಕಾತ್ಯಾಯಿನಿ. ಬೇರೆಯವರೇ ಹಚ್ಚಬೇಕು,” ಎಂದರು. ಇಲ್ಲಿಯ ನೀರು ಸ್ವಲ್ಪ ಗಡಸು ಎನ್ನುವಷ್ಟು ಸಲೀಸಾಗಿ ಹೇಳಿದ್ದರಿಂದ ನಾನೂ ಯಾಕೆ ಎಂದು ಕೇಳಲಿಲ್ಲ.

ಎಣ್ಣೆಯೇ ಬೇಡ ಎಂದು ಇದ್ದುಬಿಡೋಣವೆಂದರೆ ಆ ಊರಿನ ಗಾಳಿ ಬಿಡುವುದಿಲ್ಲ. ಬೋಳುಗುಡ್ಡಗಳ ಕಡೆಯಿಂದ ವರ್ಷವಿಡೀ ಬೀಸುವ ಒಣಗಾಳಿ. ಒಂದು ದಿನ ಎಣ್ಣೆ ತಪ್ಪಿದರೆ ಮುಖ ಬಿಗಿಯುತ್ತದೆ, ಮರುದಿನ ನಗಲಾಗುವುದಿಲ್ಲ, ಆಮೇಲೆ ತುಟಿಯ ಅಂಚು ಬಿರಿಯುತ್ತದೆ. ಹಾಗಾಗಿ ಅಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರಲೇಬೇಕು. ಗಂಡನಿಗೆ ಹೆಂಡತಿ, ಅಜ್ಜಿಗೆ ಮೊಮ್ಮಗಳು, ಹಾಸ್ಟೆಲಿನ ಹುಡುಗರಿಗೆ ಪಕ್ಕದ ಹಾಸಿಗೆಯವನು. ಠಾಣೆಯಲ್ಲಿ ಕಳ್ಳನ ಮುಖಕ್ಕೆ ಕಾನ್‌ಸ್ಟೇಬಲ್ ಹಚ್ಚುತ್ತಿದ್ದ, ಕಾನ್‌ಸ್ಟೇಬಲ್ ಮುಖಕ್ಕೆ ಕಳ್ಳ. ಮನೆಯಲ್ಲಿ ಜಗಳವಾದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಒಮ್ಮೆ ಕೋರ್ಟಿನ ಗುಮಾಸ್ತರ ಹೆಂಡತಿ ಸಿಟ್ಟಿನಲ್ಲಿ ಎಡಗೆನ್ನೆಗೆ ಮಾತ್ರ ಹಚ್ಚಿ ಎದ್ದುಹೋಗಿದ್ದರಂತೆ. ಗುಮಾಸ್ತರು ಅರ್ಧ ಹೊಳೆಯುವ ಮುಖ ಹೊತ್ತು ಕೋರ್ಟಿಗೆ ಹೋದರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ಮೊದಲು ಮನೆಗೆ ಹೋಗಿ ಕ್ಷಮೆ ಕೇಳಿ, ಬಲಗೆನ್ನೆ ಸರಿಮಾಡಿಸಿಕೊಂಡು ಬನ್ನಿ ಎಂದು ಕಳಿಸಿದರಂತೆ.

ಮದುವೆಯಾಗದ ಗಂಡಸರು, ಮನೆಯಲ್ಲಿ ಬೇರೆ ಯಾರೂ ಇಲ್ಲದವರು ಬೆಳಿಗ್ಗೆ ಅತ್ತೆಯ ಎಣ್ಣೆ ಅಂಗಡಿಯ ಎದುರಿಗೆ, ಹೊಂಗೆಮರದ ಸುತ್ತಲಿನ ಕಟ್ಟೆಗೆ ಬರುತ್ತಿದ್ದರು. ಬ್ಯಾಂಕಿನ ಮ್ಯಾನೇಜರು, ಕಟ್ಟಿಗೆ ಡಿಪೋದವನು, ಕಾಲೇಜಿನ ಮೇಷ್ಟ್ರು ಎಲ್ಲರೂ ಎದುರುಬದುರು ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ, ಒಬ್ಬರ ಮುಖವನ್ನೊಬ್ಬರು ತೀಡುತ್ತಿದ್ದರು. ಮೀಸೆ ಹೊತ್ತ ದಪ್ಪ ಮನುಷ್ಯರು ಹಾಲು ಕುಡಿದ ಬೆಕ್ಕುಗಳಂತೆ ಮುಖ ಒಡ್ಡಿಕೊಂಡು ಕೂತಿರುವುದನ್ನು ಕಂಡು ಮೊದಮೊದಲು ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅಂಗಡಿಯೊಳಗಿನ ಗಾಣದ ಹಿಂದೆ ಹೋಗಿ ನಿಂತು ನಕ್ಕು ಬರುತ್ತಿದ್ದೆ.

ಅತ್ತೆಗೆ ಮಂಡಿ ನೋವು. ಅಂಗಡಿಯಲ್ಲಿ ನಿಂತು ವ್ಯಾಪಾರ ಮಾಡುವುದು ಅವರಿಂದ ಆಗುತ್ತಿರಲಿಲ್ಲ. ಅದಕ್ಕೇ ನನ್ನನ್ನು ಕರೆಸಿಕೊಂಡಿದ್ದರು. ನನಗೂ ಮೂವತ್ತು ದಾಟಿತ್ತು, ನಮ್ಮ ಊರಿನಲ್ಲಿ ಮದುವೆಯ ಮಾತುಗಳೆಲ್ಲ ಆಗಿ, ಮುರಿದು, ಜನ ಆ ಮಾತನ್ನೇ ಬಿಟ್ಟಿದ್ದರು. ಹೊಸ ಊರು, ಹೊಸ ಕೆಲಸ ಎಂದು ಬಂದಿದ್ದೆ. ಕೆಲಸ ನನಗೆ ಬಹಳ ಹಿಡಿಸಿತು. ಬೇರೆ ಊರುಗಳಲ್ಲಿ ಗಿರಾಕಿಗಳು ತಮ್ಮ ಮುಖಕ್ಕೆ ಎಣ್ಣೆ ಕೇಳುತ್ತಾರೆ. ಇಲ್ಲಿ ಇನ್ನೊಬ್ಬರ ಮುಖವನ್ನು ವರ್ಣಿಸಿ ಕೇಳಬೇಕು. ನಮ್ಮ ಯಜಮಾನರ ಮೂಗು ಹನ್ನೊಂದು ಗಂಟೆಗೇ ದೋಸೆಹಂಚಿನ ಹಾಗೆ ಹೊಳೆಯುತ್ತದೆ ಎಂದು ಒಬ್ಬಾಕೆ, ನಮ್ಮ ಅಕ್ಕನ ಕೆನ್ನೆ ಮುಟ್ಟಿದರೆ ಕಾಗದ ಸವರಿದ ಸದ್ದು ಬರುತ್ತದೆ ಎಂದು ಇನ್ನೊಬ್ಬಾಕೆ. ಹೀಗೆ ವರ್ಣಿಸುವಾಗ ಅವರವರ ಮನೆಯ ಪ್ರೀತಿ, ಜಗಳ, ಲೆಕ್ಕಾಚಾರ ಎಲ್ಲ ನನ್ನ ಕಿವಿಗೆ ಬೀಳುತ್ತಿದ್ದವು.

ಅತ್ತೆ ಮಣೆಯ ಮೇಲೆ ಕೂತು ಹೇಳಿಕೊಟ್ಟದ್ದನ್ನು ನಾನು ಬೇಗ ಕಲಿತೆ. ಜಿಡ್ಡು ಮುಖ ಎಂದರೆ ಎಣ್ಣೆಯೇ ಬೇಡವೆಂದಲ್ಲ, ತೆಳುವಾದದ್ದು ಬೇಕು: ಕುಸುಬೆ ಎಣ್ಣೆ, ಇಲ್ಲವೆ ದ್ರಾಕ್ಷಿಬೀಜದ ಎಣ್ಣೆ. ಒಣ ಮುಖಕ್ಕೆ ಬಾದಾಮಿ. ಗುಳ್ಳೆಯೇಳುವ ಮುಖಕ್ಕೆ ಕುಸುಬೆಯ ಜೊತೆ ಒಂದೆರಡು ಹನಿ ಬೇವಿನೆಣ್ಣೆ. ಬರೀ ಬೇವಿನೆಣ್ಣೆ ಹಚ್ಚಿದರೆ ಉರಿ ಬೇರೆ, ವಾಸನೆ ಬೇರೆ. ಕೊಬ್ಬರಿ ಎಣ್ಣೆ ತಲೆಗೆ ಒಳ್ಳೆಯದೇ, ಆದರೆ ಜಿಡ್ಡು ಮುಖಕ್ಕೆ ಬಳಿದರೆ ಬೆವರಿನ ದಾರಿಯೆಲ್ಲ ಮುಚ್ಚಿಹೋಗಿ ಮುಖ ಹಾಗಲಕಾಯಿಯಾಗುತ್ತದೆ. ಗಾಳಿ ಸೋಕಿದರೂ ಕೆಂಪಾಗುವ ನಾಜೂಕು ಮುಖದವರಿಗೆ ಏನೇ ಕೊಡುವುದಿದ್ದರೂ ಮೊದಲು ಮೊಣಕೈಯ ಒಳಮಗ್ಗುಲಲ್ಲಿ ಹಚ್ಚಿ ಒಂದು ದಿನ ಕಾದು ನೋಡಿ ಎನ್ನಬೇಕು. ಯಾರೇ ಆಗಲಿ, ಮುಖ ಇನ್ನೂ ಹಸಿಯಿರುವಾಗಲೇ ಹಚ್ಚಬೇಕು.

ಕಟ್ಟೆಗೆ ಬರುವವರಲ್ಲಿ ಇಬ್ಬರು ಬಹಳ ವರ್ಷದ ಜೋಡಿ. ಒಬ್ಬ ಉಮಾಕಾಂತ, ಸ್ಟುಡಿಯೋ ಇಟ್ಟುಕೊಂಡಿದ್ದ ಫೋಟೋಗ್ರಾಫರ್. ಅಗಲ ಮುಖ, ಮಾತುಗಾರ, ಮೂಗು ಯಾವಾಗಲೂ ಫಳಫಳ. ಇನ್ನೊಬ್ಬ ಪರಶುರಾಮ, ಹಿಟ್ಟಿನ ಗಿರಣಿಯವನು. ಮಾತು ಕಡಿಮೆ, ಕೆನ್ನೆಯ ಮೂಳೆ ಎದ್ದು ಕಾಣುವ ಒಣ ಮುಖ, ಹುಬ್ಬಿನ ಮೇಲೆ ಸದಾ ಒಂದು ಚೂರು ಹಿಟ್ಟು. ಇಬ್ಬರಿಗೂ ನಲವತ್ತರ ಹತ್ತಿರ. ಪರಶುರಾಮ ಉಮಾಕಾಂತನಿಗಾಗಿ ಕುಸುಬೆ ಎಣ್ಣೆ ಕೊಳ್ಳುತ್ತಿದ್ದ, ಉಮಾಕಾಂತ ಪರಶುರಾಮನಿಗಾಗಿ ಬಾದಾಮಿ ಎಣ್ಣೆ. ಅವರಿಬ್ಬರೂ ಕಟ್ಟೆಯ ಮೇಲೆ ಕೂತರೆ ಒಬ್ಬ ಮಾತಾಡುತ್ತಿದ್ದ, ಇನ್ನೊಬ್ಬ ಹೂಂಗುಡುತ್ತಿದ್ದ, ಎರಡು ಮುಖಗಳೂ ಹದವಾಗಿ ಹೊಳೆಯುತ್ತಿದ್ದವು.

ನಾನು ಬಂದು ಒಂದು ವರ್ಷವಾಗಿರಬಹುದು. ಉಮಾಕಾಂತ ಒಂದು ದಿನ ಅತ್ತೆಯ ಹತ್ತಿರ ಕೂತು, ಸುತ್ತಿ ಬಳಸಿ, ನನ್ನನ್ನು ಮದುವೆಯಾಗುವ ಮನಸ್ಸಿದೆ ಎಂದ. ಅತ್ತೆ ಯೋಚಿಸಿ ಹೇಳುತ್ತೇನೆಂದರು. ಅದೇ ವಾರ ಪರಶುರಾಮ ಬಂದು ಬಾಗಿಲಲ್ಲೇ ನಿಂತು, ಸುತ್ತದೆ ಬಳಸದೆ ಅದನ್ನೇ ಹೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದ. ಇಬ್ಬರ ಸುದ್ದಿಯೂ ಇಬ್ಬರಿಗೂ ತಲುಪಲು ಸಂಜೆಯವರೆಗೂ ಬೇಕಾಗಲಿಲ್ಲ. ಅತ್ತೆ ನನ್ನನ್ನು ಕೇಳಿದರು. ಇಬ್ಬರೂ ಕೆಟ್ಟವರಲ್ಲ, ಅದಕ್ಕಿಂತ ಹೆಚ್ಚು ನನಗೇನೂ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಮರುದಿನದಿಂದ ನನಗೆ ಒಂದೊಂದೇ ಗೊತ್ತಾಗತೊಡಗಿತು. ಉಮಾಕಾಂತ ಬಂದು, ಬಾದಾಮಿ ಬೇಡ, ಒಂದು ಸೀಸೆ ಬೇವಿನೆಣ್ಣೆ ಕೊಡಿ ಎಂದ. ಪರಶುವಿನ ಮುಖಕ್ಕೆ ಸ್ವಲ್ಪ ಶುದ್ಧಿ ಬೇಕಾಗಿದೆ ಎಂದು ಕಾರಣವನ್ನೂ ಕೊಟ್ಟ. ಅವನು ಹೋದ ಮೇಲೆ ಪರಶುರಾಮ ಬಂದು, ನೆಲ ನೋಡುತ್ತಾ, ಕೊಬ್ಬರಿ ಎಣ್ಣೆ ಕೇಳಿದ. ತಲೆಗಾ ಎಂದು ಕೇಳಿದೆ. ಗಟ್ಟಿಯಾಗಿರುವುದು ಇದ್ದರೆ ಒಳ್ಳೆಯದು ಎಂದಷ್ಟೇ ಹೇಳಿದ. ನಾನು ಇಬ್ಬರಿಗೂ ಮುಖದ ಗೆರೆ ಅಲುಗಿಸದೆ ಸೀಸೆ ಕಟ್ಟಿಕೊಟ್ಟೆ. ವಾರದೊಳಗೆ ಉಮಾಕಾಂತನ ಮೂಗಿನ ಎರಡೂ ಕಡೆ ಗುಳ್ಳೆಗಳ ಸಾಲು ಎದ್ದಿತು. ಪರಶುರಾಮನ ಕೆನ್ನೆ ಬೇಸಿಗೆಯ ಕೆರೆಯಂಗಳವಾಯಿತು. ಅವನು ಗಿರಣಿಗೆ ಹೋದರೆ ಬೇವಿನ ವಾಸನೆಗೆ ಹೆಂಗಸರು ಮೂಗಿಗೆ ಸೆರಗು ಹಿಡಿದು ಡಬ್ಬ ಕೊಡುತ್ತಿದ್ದರು. ಆದರೂ ಇಬ್ಬರೂ ಬೆಳಿಗ್ಗೆ ತಪ್ಪದೆ ಕಟ್ಟೆಗೆ ಬಂದು, ಎದುರುಬದುರು ಕೂತು, ಬಹಳ ಪ್ರೀತಿಯಿಂದ ಒಬ್ಬರನ್ನೊಬ್ಬರು ಹಾಳುಮಾಡುತ್ತಿದ್ದರು.

ಇದನ್ನು ನಾನು ಸುಮ್ಮನೆ ನೋಡುತ್ತಿರಬಹುದಿತ್ತು. ಆದರೆ ಸುಮ್ಮನಿರುವುದು ನನ್ನ ಸ್ವಭಾವವಲ್ಲ. ಅತ್ತೆ ಇಬ್ಬರನ್ನೂ ಹುಣ್ಣಿಮೆಯ ದಿನ ಮನೆಗೆ ಕರೆದು, ಎದುರಿಗೆ ಕೂರಿಸಿ ನೋಡೋಣ ಎಂದಾಗ ನಾನು ಹೇಳಿದೆ: “ಗಂಡಿನ ಮುಖ ನೋಡಿದ್ರೆ ಗಂಡಿನ ಗುಣ ಎಲ್ಲಿ ಗೊತ್ತಾಗತ್ತೆ ಅತ್ತೆ? ಆ ಮುಖ ಇನ್ನೊಬ್ಬನ ಕೈಕೆಲಸ. ಇವನ ಗುಣ ನೋಡ್ಬೇಕಾದ್ರೆ ಅವನ ಮುಖ ನೋಡ್ಬೇಕು.”

ಅತ್ತೆ ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಇಷ್ಟು ವರ್ಷ ಈ ಊರಿನಲ್ಲಿದ್ದೂ ಈ ಮಾತು ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಅವರಿಗೆ ಆಶ್ಚರ್ಯವಾಯಿತು. ಸಂಜೆಗೆ ಊರಿಗೆಲ್ಲ ಅದೇ ಮಾತು. ಹುಣ್ಣಿಮೆಯ ದಿನ ತಿರುಮಲಮ್ಮ ಪರಶುರಾಮನನ್ನು ಅಳೆಯುವುದು ಉಮಾಕಾಂತನ ಮುಖ ನೋಡಿ, ಉಮಾಕಾಂತನನ್ನು ಅಳೆಯುವುದು ಪರಶುರಾಮನ ಮುಖ ನೋಡಿ.

ಮಾರನೆಯ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಾಗಲೇ ಇಬ್ಬರೂ ಮೆಟ್ಟಿಲ ಮೇಲಿದ್ದರು, ಒಬ್ಬ ಆ ತುದಿಗೆ, ಒಬ್ಬ ಈ ತುದಿಗೆ. ಉಮಾಕಾಂತನಿಗೆ ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯ ಬಾದಾಮಿ ಎಣ್ಣೆ ಬೇಕಾಗಿತ್ತು. ಪರಶುರಾಮ ದ್ರಾಕ್ಷಿಬೀಜದ ಎಣ್ಣೆ ಕೇಳಿ, ಗುಳ್ಳೆಗೆ ಎಷ್ಟು ಹನಿ ಬೇವು ಬೆರೆಸಬೇಕು, ಬೆರಳನ್ನು ಮೇಲಕ್ಕೆ ತೀಡಬೇಕೋ ಕೆಳಕ್ಕೋ ಎಂದೆಲ್ಲ ವಿಚಾರಿಸಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕಟ್ಟೆಯ ಮೇಲೆ ಅವರಿಬ್ಬರ ಆರೈಕೆ ನೋಡಲು ಜನ ಕಾಫಿ ಲೋಟ ಹಿಡಿದು ಬಂದು ನಿಲ್ಲುತ್ತಿದ್ದರು. ಬಿಸಿನೀರಲ್ಲಿ ಅದ್ದಿದ ಬಟ್ಟೆಯೇನು, ಕಿವಿಯ ಹಿಂದೆಯೂ ಬಿಡದೆ ತೀಡುವುದೇನು. ಸ್ವಲ್ಪ ದಿನದಲ್ಲೇ ಉಮಾಕಾಂತನ ಗುಳ್ಳೆಗಳು ಮಾಯವಾದವು, ಮೂಗು ಮೊದಲ ಸಲ ಮೂಗಿನ ಬಣ್ಣಕ್ಕೆ ಬಂತು. ಪರಶುರಾಮನ ಕೆನ್ನೆ ತುಂಬಿಕೊಂಡು, ಅವನಿಗೆ ಗುಳಿ ಬೀಳುತ್ತದೆ ಎನ್ನುವುದೇ ಊರಿಗೆ ಆಗ ತಿಳಿಯಿತು. ಹೆಣ್ಣು ಹೆತ್ತವರು ಇಬ್ಬರ ಬಗ್ಗೆಯೂ ಅಂಗಡಿಯಲ್ಲಿ ವಿಚಾರಿಸಲು ಶುರುಮಾಡಿದರು. ಅತ್ತೆಗೆ ಗಾಬರಿಯಾಯಿತು. ನನಗೆ ನಗು.

ಇಬ್ಬರ ಮುಖವೂ ಸಮಸಮ ಚೆನ್ನಾದದ್ದೇ ತೊಂದರೆಯಾಯಿತು. ಹೀಗಾದರೆ ಪರೀಕ್ಷೆಯಲ್ಲಿ ಇಬ್ಬರೂ ಪಾಸು. ಇದನ್ನು ಮೊದಲು ಯೋಚಿಸಿದವನು ಉಮಾಕಾಂತನೇ ಇರಬೇಕು. ಒಂದು ಮಧ್ಯಾಹ್ನ ಅವನ ಸ್ಟುಡಿಯೋದ ಹಿಂದಿನ ಮನೆಯ ಸಾವಂತ್ರಮ್ಮ ಎಣ್ಣೆಗೆ ಬಂದವರು, ಫೋಟೋದವನು ಬಚ್ಚಲಲ್ಲಿ ಬಟ್ಟೆ ಸೋಪು ಹಾಕಿ ಮುಖ ಉಜ್ಜಿಕೊಳ್ಳುತ್ತಿದ್ದಾನೆ, ದಿನಕ್ಕೆ ಎಷ್ಟು ಸಲವೋ ದೇವರೇ ಬಲ್ಲ, ಮೇಲೆ ಬಜ್ಜಿಯಂಗಡಿಯಲ್ಲೇ ಊಟ ಎಂದು ಹೇಳಿದರು. ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ತನ್ನ ಮುಖ ಕೆಟ್ಟರೆ ಕೆಟ್ಟ ಹೆಸರು ಪರಶುರಾಮನಿಗೆ. ಅವರವರ ಕೈಯಿಂದ ಎಣ್ಣೆ ಹಚ್ಚಿಕೊಳ್ಳಲು ಬರುವುದಿಲ್ಲವಷ್ಟೇ, ತೊಳೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಅಂದು ಸಂಜೆ ಗಿರಣಿಯ ಕಡೆ ಹೋದೆ. ಪರಶುರಾಮ ಕಡಲೆಹಿಟ್ಟಿನಲ್ಲಿ ಮುಖ ತಿಕ್ಕಿಕೊಂಡು, ಗಿರಣಿಯ ಹಿಂದಿನ ಕಲ್ಲಿನ ಮೇಲೆ, ಸರಿಯಾಗಿ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ, ತಪಸ್ಸಿಗೆ ಕೂತವನಂತೆ ಕೂತಿದ್ದ. ನಾನು ಸದ್ದು ಮಾಡದೆ ವಾಪಸು ಬಂದೆ. ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಹುಣ್ಣಿಮೆಯವರೆಗೆ ಕಾಯುವ ಸುಖ ತಪ್ಪಿಹೋಗುತ್ತಿತ್ತು.

ಹುಣ್ಣಿಮೆಯ ದಿನ ಇಬ್ಬರೂ ಮಡಿಕೆ ಮುರಿಯದ ಅಂಗಿ ತೊಟ್ಟು ಬಂದರು. ಅಂಗಿಯ ಮೇಲೆ ಆ ಮುಖಗಳನ್ನು ನೋಡಬೇಕಿತ್ತು. ಉಮಾಕಾಂತನದು ಕೆಂಪು ಕೆಂಪಾಗಿ ಉಬ್ಬಿ, ಹಣೆ ತುಂಬ ಗುಳ್ಳೆ. ಪರಶುರಾಮನದು ಬೂದಿಬಣ್ಣಕ್ಕೆ ತಿರುಗಿ, ಕೆನ್ನೆಯಲ್ಲಿ ಸಿಪ್ಪೆ ಎದ್ದು, ತುಟಿ ಅಲುಗಿಸಿದರೆ ಬಿರಿಯುವಂತಿತ್ತು. ಇಬ್ಬರೂ ಬಹುಮಾನಕ್ಕೆ ತಂದ ಕುಂಬಳಕಾಯಿಯಂತೆ ತಮ್ಮ ಮುಖವನ್ನು ಅತ್ತೆಯ ಮುಂದೆ ಒಡ್ಡಿ ಕೂತರು. ಕಿಟಕಿಯ ಹೊರಗೆ ಅರ್ಧ ಬೀದಿ ನಿಂತಿತ್ತು. ಅತ್ತೆ ಬೆಚ್ಚಿಬಿದ್ದು, ಇದೇನಪ್ಪಾ ಇದು, ಯಾರು ಮಾಡಿದ್ದು ಎಂದು ಉಮಾಕಾಂತನನ್ನು ಕೇಳಿದರು. ಅವನು ಅದಕ್ಕೇ ಕಾದಿದ್ದವನಂತೆ ಶುರುಮಾಡಿದ. ಜೋಡಿ ಎಂದು ಇಷ್ಟು ವರ್ಷ ನಂಬಿದೆ, ಮುಖ ಕೊಟ್ಟೆ, ನೋಡಿ ಏನು ಮಾಡಿದ್ದಾನೆ, ಇಂಥವನ ಕೈಗೆ ಹೆಣ್ಣು ಕೊಡುತ್ತೀರಾ ಎಂದು ದನಿ ಏರಿಸಿ ಇಳಿಸಿ ಹೇಳಿದ. ಕಿಟಕಿಯ ಹೊರಗಿನವರೂ ತಲೆದೂಗಿದರು.

ಅತ್ತೆ ಪರಶುರಾಮನ ಕಡೆ ತಿರುಗಿ, ನಿನಗೆ ಯಾರಪ್ಪ ಹೀಗೆ ಮಾಡಿದ್ದು ಎಂದರು. ಅವನೂ ಹೇಳಲೆಂದೇ ಬಂದಿದ್ದವನು. ಬಾಯಿ ತೆರೆದ. ಉಮಾಕಾಂತನ ಮುಖ ನೋಡಿದ. ಮತ್ತೆ ಬಾಯಿ ಮುಚ್ಚಿದ.

“ನಾನೇ ತೊಳ್ಕೊಂಡೆ ಅಮ್ಮಾ,” ಎಂದ ಕೊನೆಗೆ. “ಕಡ್ಲೆಹಿಟ್ಟಲ್ಲಿ. ಅವನು ಒಳ್ಳೇ ಎಣ್ಣೇನೇ ಹಚ್ಚಿದ್ದ. ನಾನೂ ಅವನಿಗೆ ಒಳ್ಳೇದೇ ಹಚ್ಚಿದೀನಿ. ಅವನ ಮುಖ ಯಾಕೆ ಹಿಂಗಾಯ್ತು ಅಂತ ಮಾತ್ರ ನಂಗೆ ಗೊತ್ತಿಲ್ಲ. ಡಾಕ್ಟ್ರಿಗೆ ತೋರಿಸ್ಬೇಕು.”

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೆಳೆಯನ ಮುಖಕ್ಕೆ ಏನೋ ರೋಗ ಬಂದಿದೆ ಎಂದೇ ಅವನು ಗಾಬರಿಯಾಗಿದ್ದ. ಕಿಟಕಿಯ ಹೊರಗೆ ನಿಂತಿದ್ದ ಸಾವಂತ್ರಮ್ಮ ಆಗ ಸುಮ್ಮನಿರಲಾರದೆ ಬಟ್ಟೆ ಸೋಪಿನ ವಿಷಯ ಹೇಳಿಬಿಟ್ಟರು. ಬೀದಿಗೆ ಬೀದಿಯೇ ನಕ್ಕಿತು. ನಾನೂ ಸೆರಗು ಬಾಯಿಗೆ ಒತ್ತಿಕೊಂಡೆ. ಅತ್ತೆ ನಗಲಿಲ್ಲ. ತಮ್ಮ ಮುಖವನ್ನೇ ಈ ಗತಿಗೆ ತಂದುಕೊಂಡವರ ಕೈಗೆ ನಮ್ಮ ಹುಡುಗಿಯ ಮುಖ ಕೊಡುವುದಿಲ್ಲ ಎಂದು ಇಬ್ಬರನ್ನೂ ಎಬ್ಬಿಸಿ ಕಳಿಸಿದರು. ಬಾಗಿಲಾಚೆ ಉಮಾಕಾಂತ ಪರಶುರಾಮನಿಗೆ, ಊರಿನೆದುರು ನನ್ನ ಮಾನ ತೆಗೆದೆ, ಇನ್ನು ನಿನ್ನ ಮುಖ ಮುಟ್ಟಿದರೆ ಕೇಳು ಎಂದು ಹೇಳಿ ಸರಸರ ಹೋದ.

ಅಲ್ಲಿಯವರೆಗೆ ನನಗೆ ಎಲ್ಲವೂ ಆಟವೇ ಆಗಿತ್ತು. ಮರುದಿನ ಕಟ್ಟೆಯ ಮೇಲೆ ಅವರಿಬ್ಬರ ಜಾಗ ಖಾಲಿಯಿತ್ತು. ಬೇರೆ ಯಾರಾದರೂ ಹಚ್ಚಬಹುದಲ್ಲ ಎಂದರೆ, ಕಟ್ಟೆಯವರಿಗೆಲ್ಲ ಅವರವರ ಜೋಡಿ ಇದ್ದಾರೆ. ಇನ್ನೊಬ್ಬನ ಮುಖ ಮುಟ್ಟಿದರೆ ಆ ಜೋಡಿಗೆ ಮುನಿಸು. ಮೇಲಾಗಿ ಒಂದು ಜೋಡಿಯ ಜಗಳದ ನಡುವೆ ಕೈಹಾಕುವ ಪದ್ಧತಿ ಆ ಊರಿನಲ್ಲಿ ಇಲ್ಲ. ಉಮಾಕಾಂತನದು ಜಿಡ್ಡಿನ ಚರ್ಮ, ಅದು ತನ್ನ ಎಣ್ಣೆ ತಾನೇ ಮಾಡಿಕೊಳ್ಳುತ್ತದೆ. ಅವನು ಗಾಳಿಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದ. ಪರಶುರಾಮನಿಗೆ ಆ ಭಾಗ್ಯವಿರಲಿಲ್ಲ. ಮೊದಲೇ ಸಿಪ್ಪೆ ಎದ್ದಿದ್ದ ಮುಖ. ದಿನ ಕಳೆದಂತೆ ತುಟಿ ಎರಡೂ ಕಡೆ ಸೀಳಿತು. ಗಿರಣಿಯಲ್ಲಿ ನುಣ್ಣಗೋ ತರಿಯೋ ಎಂದು ಕೇಳುವುದನ್ನೂ ಬಿಟ್ಟು ಬೆರಳಿನಲ್ಲೇ ಸನ್ನೆ ಮಾಡುತ್ತಿದ್ದ. ರೊಟ್ಟಿ ಕಚ್ಚಲಾಗದೆ ಗಂಜಿ ಕುಡಿಯುತ್ತಿದ್ದಾನೆ ಎಂದು ಹೆಂಗಸರು ಹೇಳಿದರು. ಅಂಗಡಿಯ ಮುಂದೆ ಹಾದುಹೋಗುವಾಗ ನಾನು ಕಣ್ಣಿಗೆ ಬಿದ್ದರೆ ಅವನು ತಲೆಯಾಡಿಸುತ್ತಿದ್ದ. ನಗಲು ಹೋಗಿ ನೋವಾಗಿ ನಿಲ್ಲಿಸುತ್ತಿದ್ದ. ಅದನ್ನು ನೋಡಿ ನನಗೆ ಅನ್ನ ಸೇರಲಿಲ್ಲ.

ಅತ್ತೆಯ ಕೈಯಿಂದಲೇ ಹಚ್ಚಿಸೋಣವೆಂದರೆ ಅವರು ಒಪ್ಪಲಿಲ್ಲ. ಉಮಾಕಾಂತನಿಗೆ ಬುದ್ಧಿ ಹೇಳಿದರೆ ಅವನ ಮಾತಿನೆದುರು ನನ್ನ ಮಾತು ನಿಲ್ಲುವುದಿಲ್ಲ. ಹಾಗಾಗಿ ನಾನು ಒಂದು ಮಧ್ಯಾಹ್ನ ಒಳ್ಳೆಯ ಸೀರೆ ಉಟ್ಟು ಅವನ ಸ್ಟುಡಿಯೋಗೆ ಹೋಗಿ, ಫೋಟೋ ತೆಗೆಯಬೇಕು ಎಂದೆ. ಅವನಿಗೆ ಬಹಳ ಸಂತೋಷವಾಯಿತು. ಕುರ್ಚಿ ಒರೆಸಿದ, ಪರದೆ ಬದಲಿಸಿದ, ಗಲ್ಲ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಎಂದ. ಅವನು ಕ್ಯಾಮೆರಾದ ಹಿಂದೆ ಒಂದು ಕಣ್ಣು ಮುಚ್ಚಿದ ಗಳಿಗೆ ನೋಡಿ ಹೇಳಿದೆ.

“ನಾಳೆ ಬೆಳಿಗ್ಗೆ ಕಟ್ಟೆ ಮೇಲೆ ಕೂತು ಪರಶುರಾಮ ಅವರಿಗೆ ನಾನೇ ಎಣ್ಣೆ ಹಚ್ಚಬೇಕು ಅಂತಿದೀನಿ. ಊರವರು ಏನಾದ್ರೂ ಅಂದ್ಕೊಳ್ಳಲಿ. ಅವರಿಗೆ ಹಚ್ಚೋರು ಯಾರೂ ಇಲ್ವಲ್ಲ.”

ಮುಚ್ಚಿದ ಕಣ್ಣು ತೆರೆಯಿತು. ಆ ಊರಿನಲ್ಲಿ ಮದುವೆಯಾಗದ ಹೆಣ್ಣು ಎಲ್ಲರೆದುರು ಒಬ್ಬ ಗಂಡಸಿನ ಮುಖಕ್ಕೆ ಎಣ್ಣೆ ಹಚ್ಚಿದರೆ ಆಮೇಲೆ ಓಲಗದವರನ್ನು ಗೊತ್ತುಮಾಡುವುದೊಂದೇ ಬಾಕಿ. ಉಮಾಕಾಂತ ಫೋಟೋ ತೆಗೆದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಇವತ್ತು ಬೆಳಕು ಸರಿಯಿಲ್ಲ, ಇನ್ನೊಂದು ದಿನ ಬನ್ನಿ ಎಂದ.

ನನ್ನ ಲೆಕ್ಕ ಸರಳವಾಗಿತ್ತು. ಬೆಳಿಗ್ಗೆ ಕಟ್ಟೆಗೆ ಬರಲು ಪರಶುರಾಮನಿಗೆ ಹೇಳಿಕಳಿಸುವುದು. ಉಮಾಕಾಂತ ಹೊಟ್ಟೆಕಿಚ್ಚಿನಲ್ಲಿ ನನಗಿಂತ ಮೊದಲೇ ಓಡಿಬಂದು ಹಚ್ಚುತ್ತಾನೆ. ನಾನು ಬೇಕೆಂದೇ ತಡಮಾಡಿ ಹೋಗಿ, ಅಯ್ಯೋ ಆಗಿಹೋಯಿತೇ ಎಂದು ವಾಪಸು ಬರುವುದು. ಮರುದಿನ ಬೆಳಿಗ್ಗೆ ನಿಧಾನವಾಗಿ ಎದ್ದೆ. ಆದರೂ ಅವನು ಬರದೇ ಹೋದರೆ ಎಂದು ಬಾದಾಮಿ ಎಣ್ಣೆಯನ್ನು ಬಟ್ಟಲಿನಲ್ಲಿ ಬಿಸಿನೀರಿನ ಮೇಲಿಟ್ಟು ಬೆಚ್ಚಗೆ ಮಾಡಿದೆ. ಬಿರಿದ ತುಟಿಗೆ ಬೇರೆಯಾಗಿ ಒಂದಿಷ್ಟು ತುಪ್ಪ ತೆಗೆದುಕೊಂಡೆ. ಉಗುರು ಚುಚ್ಚೀತೆಂದು ಉಗುರು ಕತ್ತರಿಸಿಕೊಂಡೆ. ಬೀದಿಗಿಳಿದ ಮೇಲೆ ನಿಧಾನವಾಗಿ ನಡೆಯಬೇಕೆಂದುಕೊಂಡಿದ್ದವಳು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ.

ಕಟ್ಟೆಯ ಮೇಲೆ ಉಮಾಕಾಂತ ಪರಶುರಾಮನೆದುರು ಕೂತಿದ್ದ. ತಲೆಯನ್ನೂ ಬಾಚಿಕೊಳ್ಳದೆ ಓಡಿಬಂದಿದ್ದ. ಒಂದು ಕೈಯಲ್ಲಿ ಪರಶುರಾಮನ ಗಲ್ಲ ಹಿಡಿದು, ಇನ್ನೊಂದು ಕೈಯಿಂದ ತುಟಿಯ ಸೀಳಿಗೆ ಹನಿ ಹನಿಯಾಗಿ ಎಣ್ಣೆ ಬಿಡುತ್ತಾ, ಬೈಯುತ್ತಿದ್ದ. ಬಾಯಿ ಬಿಟ್ಟು ಕೇಳಕ್ಕೆ ಏನಾಗಿತ್ತು ನಿಂಗೆ, ಗಂಜಿ ಕುಡ್ಕೊಂಡು ಕೂತಿದ್ಯಲ್ಲ, ನಿಂಗೇನು ನಾನು ಸತ್ತುಹೋಗಿದ್ನಾ ಎಂದು ಬೈಯುತ್ತಲೇ ಕಣ್ಣು ಒರೆಸಿಕೊಂಡ. ಪರಶುರಾಮ ಹೂಂಗುಟ್ಟಿದ. ಹಚ್ಚಿಸಿಕೊಂಡಾದ ಮೇಲೆ ಜೇಬಿನಿಂದ ದ್ರಾಕ್ಷಿಬೀಜದ ಎಣ್ಣೆಯ ಸೀಸೆ ತೆಗೆದು, ತಾನೂ ಅವನ ಮುಖಕ್ಕೆ ಹಚ್ಚತೊಡಗಿದ. ಅಷ್ಟು ದಿನವೂ ಆ ಸೀಸೆಯನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದನಂತೆ.

ನಾನು ಅಂದುಕೊಂಡ ಹಾಗೆಯೇ ಎಲ್ಲ ನಡೆದಿತ್ತು. ನಾನು ನಗಬೇಕಿತ್ತು. ಆದರೆ ಬಟ್ಟಲು ಹಿಡಿದು ನಿಂತವಳಿಗೆ ಏನೋ ಕಳೆದುಕೊಂಡಂತೆ ಅನ್ನಿಸಿತು. ಆ ಮುಖಕ್ಕೆ ನಾನು ಹಚ್ಚಲಿಲ್ಲವಲ್ಲ. ಉಮಾಕಾಂತನನ್ನು ಮರುಳುಮಾಡಲು ಹೋದವಳು ನಾನೂ ನನ್ನ ಮಾತನ್ನೇ ನಂಬಿಬಿಟ್ಟಿದ್ದೆ.

ಉಮಾಕಾಂತ ಎದ್ದು ಬಂದ. ಬಟ್ಟಲು ನೋಡಿದ, ಬಟ್ಟಲಿನ ಪಕ್ಕದ ತುಪ್ಪ ನೋಡಿದ, ಕತ್ತರಿಸಿದ ಉಗುರು ನೋಡಿದ, ನನ್ನ ಮುಖವನ್ನು ಬಹಳ ಹೊತ್ತು ನೋಡಿದ. “ನಾನು ಫೋಟೋ ತೆಗೆಯೋನು ಕಾತ್ಯಾಯಿನಿಯವರೇ, ಮುಖ ನೋಡಿದ್ರೆ ನಂಗೆ ಗೊತ್ತಾಗತ್ತೆ,” ಎಂದು ಮೆಲ್ಲಗೆ ಹೇಳಿದ. “ಅವನಿಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?”

ನಾನೇ ಹೇಳುತ್ತೇನೆ ಎಂದೆ. ಅವನು ಸರಿ ಎಂದು, ಸ್ವಲ್ಪ ದೂರ ಹೋಗಿ, ಹಿಂದಿರುಗಿ ಬಂದು, ಬಟ್ಟೆ ಸೋಪಿನ ಕಥೆಯನ್ನು ಮಾತ್ರ ಮದುವೆ ಮನೆಯಲ್ಲಿ ಯಾರೂ ಎತ್ತಬಾರದು ಎಂದು ಭಾಷೆ ತೆಗೆದುಕೊಂಡು ಹೋದ.

ಅತ್ತೆಯನ್ನು ಒಪ್ಪಿಸಲು ಎರಡು ದಿನ ಬೇಕಾಯಿತು. ಗೆಳೆಯನ ಮೇಲೆ ಸುಳ್ಳು ಹೊರಿಸಲಾರದೆ ಎಲ್ಲರೆದುರು ತನ್ನ ಮೂರ್ಖತನ ಒಪ್ಪಿಕೊಂಡವನು ಎಂದು ನಾನು ಹೇಳಿದರೆ, ಮೂರ್ಖತನ ಇತ್ತು ಎನ್ನುವುದು ನಿಜವಾಯಿತಲ್ಲ ಎಂದು ಅವರು. ಕೊನೆಗೆ, ನೀನೂ ಏನು ಕಡಿಮೆಯವಳಲ್ಲ, ಸರಿಹೋಗುತ್ತೆ ಎಂದು ಒಪ್ಪಿದರು.

ಒಂದು ಡಬ್ಬ ಗೋಧಿ ಹೊತ್ತುಕೊಂಡು ಗಿರಣಿಗೆ ಹೋದೆ. ಹೆಂಗಸರ ಉದ್ದ ಸಾಲಿತ್ತು. ಡಬ್ಬವನ್ನು ಕೊನೆಯಲ್ಲಿಟ್ಟು ನಾನು ನೇರ ಮುಂದೆ ಹೋದೆ. ಪರಶುರಾಮ ಹಿಟ್ಟಿನಲ್ಲಿ ಬೆಳ್ಳಗಾಗಿ ಗಿರಣಿಯ ಬಾಯಿಗೆ ಜೋಳ ಸುರಿಯುತ್ತಿದ್ದ. ತುಟಿಯ ಸೀಳು ಮಾಯ್ದಿತ್ತು. ನಾಳೆಯಿಂದ ನನ್ನ ಮುಖಕ್ಕೆ ನೀವೇ ಎಣ್ಣೆ ಹಚ್ಚಬೇಕು ಎಂದೆ. ಗಿರಣಿಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ನುಣ್ಣಗಾ, ತರಿಯಾ ಎಂದು ಕೇಳಿದ. ಇನ್ನೂ ಗಟ್ಟಿಯಾಗಿ ಹೇಳಿದೆ. ಕಿವಿಗೆ ಕೈ ಹಿಡಿದ. ನಾನು ಎದೆ ತುಂಬ ಉಸಿರು ತೆಗೆದುಕೊಂಡು ಕೂಗುವುದಕ್ಕೂ ಅವನು ಸರಿಯಾಗಿ ಕೇಳಿಸಿಕೊಳ್ಳಲೆಂದು ಸ್ವಿಚ್ ಆರಿಸುವುದಕ್ಕೂ ಸರಿಹೋಯಿತು.

“ನಾಳೆಯಿಂದ ನನ್ನ ಮುಖಕ್ಕೆ ನೀವೇ ಎಣ್ಣೆ ಹಚ್ಚಬೇಕು.”

ನಿಂತ ಗಿರಣಿಯೊಳಗೆ ಆ ಮಾತು ಗೋಡೆಗೆ ಬಡಿದು ಬಂತು. ಸಾಲಿನ ಹೆಂಗಸರು ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕಿದರು. ಪರಶುರಾಮ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟ. ಟವೆಲಿನಲ್ಲಿ ಕೈ ಒರೆಸಿಕೊಂಡ. ಟವೆಲಿನಲ್ಲೂ ಹಿಟ್ಟಿತ್ತು, ಹಾಗಾಗಿ ಒರೆಸಿಕೊಳ್ಳುತ್ತಲೇ ಇದ್ದ. ಆಮೇಲೆ, ಬಹಳ ಯೋಚಿಸಿ, “ಬೆಳಿಗ್ಗೆ ಉಮಾಕಾಂತನದ್ದು ಇರತ್ತೆ,” ಎಂದ. “ನಿಮಗೆ ಸಾಯಂಕಾಲ ಆಗಬಹುದಾ?”

ಆಗಬಹುದು ಎಂದೆ. ಆಗ ಅವನು ಬೆಳಕಿಗೆ ಬಂದು ನಿಂತು, ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದ. ಹಣೆ, ಮೂಗು, ಆಮೇಲೆ ಕೆನ್ನೆ. ಅಷ್ಟೊಂದು ಜನರ ಮುಖಕ್ಕೆ ಎಣ್ಣೆ ಆರಿಸಿಕೊಟ್ಟ ನನ್ನ ಮುಖವನ್ನು ಆ ಊರಿನಲ್ಲಿ ಹಾಗೆ ಯಾರೂ ನೋಡಿರಲಿಲ್ಲ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹಣೆ, ಮೂಗು ಜಿಡ್ಡು, ಕೆನ್ನೆ ಒಣ, ಎರಡು ಥರದ್ದು ಬೇಕಾಗತ್ತೆ ಎಂದ ಅವನು, ಇಷ್ಟು ದಿನ ಏನು ಹಚ್ಚುತ್ತಿದ್ದಿರಿ ಎಂದು ಕೇಳಿದ. ಅತ್ತೆ ಹಚ್ಚುತ್ತಿದ್ದರು, ಮುಖಕ್ಕೆಲ್ಲ ಒಂದೇ ಎಳ್ಳೆಣ್ಣೆ ಎಂದೆ. ಅವನು ನನ್ನ ಹಣೆಯ ಗುಳ್ಳೆಗಳನ್ನು ನೋಡಿ, “ಒಳ್ಳೇ ಮನಸ್ಸಿಂದ ಹಚ್ಚಿದ್ದಾರೆ,” ಎಂದಷ್ಟೇ ಹೇಳಿದ.

ಸಾಲಿನಲ್ಲಿದ್ದ ಒಬ್ಬಾಕೆ ಹಣೆಗೆ ಕುಸುಬೆಯೇ ಸರಿ ಎಂದರು. ಇನ್ನೊಬ್ಬರು ದ್ರಾಕ್ಷಿಬೀಜ ಎಂದರು. ಕೆನ್ನೆಗೆ ಬಾದಾಮಿಯೋ ತುಪ್ಪವೋ ಎಂದು ಹಿಂದಿನಿಂದ ಯಾರೋ ವಾದ ಶುರುಮಾಡಿದರು. ಎಲ್ಲರೂ ನನ್ನ ಹತ್ತಿರವೇ ಎಣ್ಣೆ ಕೊಳ್ಳುವವರು, ನಾನು ಹೇಳಿಕೊಟ್ಟದ್ದನ್ನೇ ನನಗೆ ಹೇಳುತ್ತಿದ್ದರು. ಪರಶುರಾಮ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಸಾಲಿನ ಕೊನೆಯವರೆಗೆ ನಡೆದುಹೋಗಿ, ನನ್ನ ಗೋಧಿಯ ಡಬ್ಬವನ್ನು ಎತ್ತಿ ತಂದು ಎಲ್ಲರಿಗಿಂತ ಮುಂದೆ ಇಟ್ಟ. ಅಲ್ಲಿಯವರೆಗೆ ನಗುನಗುತ್ತಾ ಸಲಹೆ ಕೊಡುತ್ತಿದ್ದ ಹೆಂಗಸರೆಲ್ಲ ಆಗ ಒಟ್ಟಾಗಿ ಜಗಳಕ್ಕೆ ಬಂದರು.